ಬಿಟ್ಟು ಹೋದರೂ ಮುನಿಯದ ಆಟ: ಒಬ್ಬನೇ ಆಡುವವನ ಆರು ವರ್ಷಗಳ ವಿಮರ್ಶೆ

ಗಿಲ್ಡ್ ವಾರ್ಸ್ 2 ಎಂಬ ಆನ್‌ಲೈನ್ ಫ್ಯಾಂಟಸಿ ಆಟವನ್ನು ನಾನು ಆಡಲು ತೊಡಗಿ ಆರು ವರ್ಷಗಳಾದವು. ಈ ಆರು ವರ್ಷವೂ ಬಿಡದೆ ಆಡಿದೆನೆಂದು ಯಾರೂ ತಿಳಿಯಬಾರದು. ಎರಡು ಬಾರಿ ನಾಲ್ಕೈದು ತಿಂಗಳು, ಒಮ್ಮೆ ಹೆಚ್ಚುಕಡಿಮೆ ಒಂದು ವರ್ಷ, ಆಟದ ಐಕಾನ್ ಕಡೆಗೆ ತಿರುಗಿಯೂ ನೋಡಿರಲಿಲ್ಲ. ಆಡಿದ ದಿನಗಳಿಗಿಂತ ಆಡದೆ ಬಿಟ್ಟ ಆ ತಿಂಗಳುಗಳೇ ಈ ಆಟದ ಗುಣವನ್ನು ನನಗೆ ಹೆಚ್ಚಾಗಿ ತಿಳಿಸಿಕೊಟ್ಟವು. ಆದ್ದರಿಂದ ವಿಮರ್ಶೆಯನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಸಿಗುವ ಒಂದು ಗಂಟೆ, ಕೆಲವೊಮ್ಮೆ ಬರೀ ಮುಕ್ಕಾಲು ಗಂಟೆ, ನನ್ನ ಆಟದ ಹೊತ್ತು. ಅದರ ನಡುವೆ ಮಗು ಎದ್ದು ಅತ್ತರೆ ಕೀಬೋರ್ಡ್ ಬಿಟ್ಟು ಓಡಬೇಕು. ಇಂಥ ಹೊತ್ತಿನಲ್ಲಿ ಆಡುವವನಿಗೆ ‘ಕ್ಯಾಶುಯಲ್’ ಎಂಬ ಪದದ ಅರ್ಥ ಬಹಳ ಸರಳ: ಯಾವಾಗ ಆಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಆಟ ತೀರ್ಮಾನಿಸಬಾರದು. ‘ಸೋಲೋ’, ಅಂದರೆ ಒಬ್ಬನೇ ಆಡುವುದು, ಎಂಬುದಕ್ಕೂ ನಾನು ಕೊಡುವ ಅರ್ಥ ಸ್ವಲ್ಪ ಬೇರೆ. ಯಾರೂ ಇಲ್ಲದ ಲೋಕ ಬೇಕಿದ್ದರೆ ಆಫ್‌ಲೈನ್ ಆಟಗಳಿಗೆ ಬರವಿಲ್ಲ. ಆನ್‌ಲೈನ್ ಆಟಕ್ಕೆ ಬರುವವನಿಗೆ ಸುತ್ತ ಜನರಿರಬೇಕು, ಆದರೆ ಅವರಲ್ಲಿ ಯಾರೂ ತನಗಾಗಿ ಕಾಯುತ್ತಿರಬಾರದು. ಸಂತೆಯಲ್ಲಿ ಒಬ್ಬನೇ ಅಡ್ಡಾಡುವವನ ಸುಖ ಅದು.

ಇದಕ್ಕೆ ಮೊದಲು ನಾನು ಆಡುತ್ತಿದ್ದ ಆಟದ ಹೆಸರು ಇಲ್ಲಿ ಬೇಡ. ಅದನ್ನೂ ‘ಒಬ್ಬರೇ ಆಡಬಹುದು’ ಎಂದು ಹೊಗಳಿದ್ದನ್ನು ಓದಿಯೇ ಆರಿಸಿಕೊಂಡಿದ್ದೆ. ಮೊದಲ ಎರಡು ತಿಂಗಳು ಆ ಮಾತು ನಿಜವೇ ಆಗಿತ್ತು. ಕ್ವೆಸ್ಟ್‌ಗಳನ್ನು, ಅಂದರೆ ಆಟ ಒಪ್ಪಿಸುವ ಕೆಲಸಗಳನ್ನು, ಒಬ್ಬನೇ ಮುಗಿಸುತ್ತ, ಪಾತ್ರದ ಲೆವೆಲ್ ಏರಿಸುತ್ತ ಹೋದೆ. ಗರಿಷ್ಠ ಲೆವೆಲ್ ತಲುಪಿದ ಮರುದಿನವೇ ಆಟದ ಧಾಟಿ ಬದಲಾಯಿತು. ದಿನಕ್ಕೆ ಇಷ್ಟು ಅಂಕ, ವಾರಕ್ಕೆ ಇಷ್ಟು ಡಂಜನ್ (ಗುಂಪಾಗಿ ಹೊಕ್ಕು ಶತ್ರುಗಳನ್ನು ಸೋಲಿಸುವ ತಾಣ), ಸತತ 28 ದಿನ ಲಾಗಿನ್ ಆದವರಿಗೆ ದೊಡ್ಡ ಪೆಟ್ಟಿಗೆ. ಆ ಪೆಟ್ಟಿಗೆಯ ಆಸೆಗೆ ನಾನು ಜ್ವರದಲ್ಲಿ ಮಲಗಿದ್ದಾಗಲೂ ಎದ್ದು ಬಂದು ಲಾಗಿನ್ ಆಗಿದ್ದುಂಟು. ಇದನ್ನು ಬರೆಯುವಾಗ ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ. ಕೊನೆಗೆ ಕೆಲಸದ ಒತ್ತಡದಿಂದ ಆರು ವಾರ ಬಿಟ್ಟು ಮರಳಿದಾಗ, ಆಟಗಾರರ ಕೂಟವಾದ ಗಿಲ್ಡ್‌ನಿಂದ ನನ್ನನ್ನು ತೆಗೆದುಹಾಕಲಾಗಿತ್ತು, ಏಳು ತಿಂಗಳು ದುಡಿದು ಕೂಡಿಸಿದ ಗೇರ್ (ಆಯುಧ, ಕವಚಗಳು) ಹೊಸ ಪ್ಯಾಚ್‌ನ, ಅಂದರೆ ಆಟದ ಪರಿಷ್ಕರಣೆಯ, ಮೊದಲ ಕ್ವೆಸ್ಟ್‌ನಲ್ಲಿ ಸಿಗುವ ಗೇರ್‌ಗಿಂತ ಕೆಳಗಿತ್ತು. ಸೋತಿದ್ದರೆ ಅಷ್ಟು ಬೇಸರವಾಗುತ್ತಿರಲಿಲ್ಲ, ಗೈರುಹಾಜರಿಗೆ ದಂಡ ಕಟ್ಟಿದಂತಾಯಿತು. ಅಂದಿನಿಂದ ಯಾವ ಆಟವನ್ನು ನೋಡಿದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಬಿಟ್ಟು ಹೋಗಿ ಮರಳಿ ಬಂದವನನ್ನು ಇದು ಹೇಗೆ ನಡೆಸಿಕೊಳ್ಳುತ್ತದೆ?

ಗಿಲ್ಡ್ ವಾರ್ಸ್ 2ರ ಮುಖ್ಯ ಬಲ ಈ ಪ್ರಶ್ನೆಗೆ ಅದು ಕೊಡುವ ಉತ್ತರದಲ್ಲಿದೆ. ಅರೀನಾನೆಟ್ ಸಂಸ್ಥೆ ಇದನ್ನು 2012ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದಾಗ ಗರಿಷ್ಠ ಲೆವೆಲ್ 80 ಇತ್ತು. ಆ ಬಳಿಕ ಹೊಸ ಪ್ರಾಂತ್ಯ, ಕಥೆಗಳನ್ನು ಸೇರಿಸುವ ಹಲವು ವಿಸ್ತರಣೆಗಳು ಬಂದರೂ ಅದು 80ರಲ್ಲೇ ನಿಂತಿದೆ. ಅದೇ ವರ್ಷದ ನವೆಂಬರ್‌ನಲ್ಲಿ ‘ಅಸೆಂಡೆಡ್’ ಎಂಬ ದರ್ಜೆಯ ಗೇರ್ ಸೇರಿತು, ಶಕ್ತಿಯ ಲೆಕ್ಕದಲ್ಲಿ ಇಂದಿಗೂ ಅದರ ಮೇಲೆ ಇನ್ನೊಂದು ದರ್ಜೆ ಇಲ್ಲ. ‘ಲೆಜೆಂಡರಿ’ ಎಂಬುದೊಂದಿದೆ, ಅದು ಅಷ್ಟೇ ಬಲದ್ದು, ಗುಣಾಂಕಗಳನ್ನು ಬೇಕಾದಂತೆ ಬದಲಾಯಿಸಿಕೊಳ್ಳಬಹುದು ಎಂಬುದೊಂದೇ ಅನುಕೂಲ. ಅದರ ಕೆಳಗಿನ ‘ಎಕ್ಸಾಟಿಕ್’ ಗೇರ್ ಇದ್ದರೂ ತೆರೆದ ಲೋಕದಲ್ಲಿ ಯಾವ ಮೂಲೆಗೂ ಹೆದರದೆ ಹೋಗಬಹುದು. ಒಂದು ವರ್ಷದ ಬಿಡುವಿನ ನಂತರ ನಾನು ಮರಳಿದಾಗ ನನ್ನ ಪಾತ್ರದ ಮೈಮೇಲಿದ್ದ ಕವಚ ಹಿಂದೆ ಎಷ್ಟು ಗಟ್ಟಿಯಿತ್ತೋ ಅಷ್ಟೇ ಗಟ್ಟಿಯಾಗಿತ್ತು.

ಇದನ್ನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇನ್ನೊಂದು ಆನ್‌ಲೈನ್ ಆಟದ ಇತಿಹಾಸದ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 2004ರಲ್ಲಿ ಅಲ್ಲಿ ಗರಿಷ್ಠ ಲೆವೆಲ್ 60 ಇತ್ತು. ವಿಸ್ತರಣೆಯಿಂದ ವಿಸ್ತರಣೆಗೆ ಏರುತ್ತ 2018ರಲ್ಲಿ 120ಕ್ಕೆ ಮುಟ್ಟಿತು, 2020ರಲ್ಲಿ ಮತ್ತೆ 60ಕ್ಕೆ ಇಳಿಸಲಾಯಿತು, ಆಮೇಲೆ 2022ರಲ್ಲಿ 70, 2024ರಲ್ಲಿ 80. ಏರುವ ಏಣಿಯನ್ನೇ ಆಟವೆಂದುಕೊಂಡವರಿಗೆ ಇದರಲ್ಲಿ ತಪ್ಪೇನೂ ಕಾಣದು, ಪ್ರತಿ ವಿಸ್ತರಣೆಯೂ ಅವರಿಗೆ ಹೊಸ ಹಬ್ಬ. ವಾರಕ್ಕೆ ಮೂರು ರಾತ್ರಿ ಬರುವವನು ಮಾತ್ರ ಆ ಏಣಿಯ ಅರ್ಧದಲ್ಲಿರುವಾಗಲೇ ಅದಕ್ಕೆ ಇನ್ನೊಂದಿಷ್ಟು ಮೆಟ್ಟಿಲು ಸೇರಿರುತ್ತವೆ.

ಒಬ್ಬನೇ ಆಡುವವನಿಗೆ ಈ ಲೋಕ ಹೇಗೆ ತೆರೆದುಕೊಳ್ಳುತ್ತದೆ ಎಂಬುದಕ್ಕೆ ನನ್ನ ಮೊದಲ ವಾರದ ಒಂದು ರಾತ್ರಿಯನ್ನು ಹೇಳಬೇಕು. ಮಾನವ ಪಾತ್ರಗಳು ಆರಂಭಿಸುವ ಕ್ವೀನ್ಸ್‌ಡೇಲ್ ಎಂಬ ಹಸಿರು ಪ್ರಾಂತ್ಯದಲ್ಲಿ ನಾನು ಒಂಬತ್ತನೆಯ ಲೆವೆಲ್‌ನ ನೆಕ್ರೊಮ್ಯಾನ್ಸರ್ (ಸತ್ತವರನ್ನು ಆಳುವ ಮಾಂತ್ರಿಕ) ಒಬ್ಬನನ್ನು ಹಿಡಿದು ಓಡಾಡುತ್ತಿದ್ದೆ. ಜೌಗು ನೆಲವೊಂದಕ್ಕೆ ಕಾಲಿಟ್ಟೊಡನೆ ಪರದೆಯ ಬಲಬದಿಯಲ್ಲಿ, ಇಲ್ಲಿ ತೆರೆದಿರುವ ಕತ್ತಲ ದ್ವಾರಗಳನ್ನು ನಾಶಮಾಡಿ ಎಂಬ ಸೂಚನೆ ತಾನಾಗಿ ಮೂಡಿತು. ಯಾರನ್ನೂ ಕೇಳಲಿಲ್ಲ, ಯಾವ ಗುಂಪಿಗೂ ಸೇರಲಿಲ್ಲ. ಹತ್ತಿರದ ದ್ವಾರಕ್ಕೆ ಹೊಡೆಯತೊಡಗಿದೆ. ಎರಡು ನಿಮಿಷದಲ್ಲಿ ಎಲ್ಲಿಂದಲೋ ಜನ ಬರತೊಡಗಿದರು. ಮೊದಲು ಮೂವರು, ಆಮೇಲೆ ಹತ್ತು, ಆಮೇಲೆ ಎಣಿಸಲಾಗದಷ್ಟು. ದ್ವಾರಗಳೆಲ್ಲ ಮುಚ್ಚಿದ ಮೇಲೆ ಜೌಗಿನ ನಡುವಿನಿಂದ ಶ್ಯಾಡೋ ಬೆಹೆಮತ್ ಎಂಬ ದೈತ್ಯ ಸೊಂಟದವರೆಗೆ ಎದ್ದು ನಿಂತಿತು. ಅದರ ಮೊದಲ ಹೊಡೆತಕ್ಕೇ ನಾನು ಬಿದ್ದೆ. ಎಲ್ಲ ಹೊಡೆಯುತ್ತಿರುವಾಗ ಒಬ್ಬಾತ ತನ್ನ ಆಯುಧ ನಿಲ್ಲಿಸಿ ನನ್ನ ಪಕ್ಕ ಮಂಡಿಯೂರಿ ಎಬ್ಬಿಸಿದ, ನಾನು ಎದ್ದದ್ದನ್ನು ನೋಡಲೂ ನಿಲ್ಲದೆ ಮುಂದೆ ಓಡಿದ. ದೈತ್ಯ ಸತ್ತು, ದೊಡ್ಡ ಪೆಟ್ಟಿಗೆಯೊಂದು ನೆಲದ ಮೇಲೆ ಕಾಣಿಸಿಕೊಂಡಿತು. ಅದರಿಂದ ನನ್ನ ಪಾಲು ನನಗೆ, ಅವನ ಪಾಲು ಅವನಿಗೆ. ಒಂದು ನಿಮಿಷದಲ್ಲಿ ಜೌಗು ಖಾಲಿಯಾಯಿತು. ಅಷ್ಟು ಜನರ ಜೊತೆ ಹೋರಾಡಿ ನಾನು ಒಂದು ಅಕ್ಷರವನ್ನೂ ಟೈಪ್ ಮಾಡಿರಲಿಲ್ಲ.

ಆ ರಾತ್ರಿಯ ಹಿಂದಿರುವ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳಲು ನನಗೆ ಕೆಲವು ವಾರ ಬೇಕಾಯಿತು. ಆ ದೈತ್ಯ ಎರಡು ಗಂಟೆಗೊಮ್ಮೆ ನಿಗದಿತ ಹೊತ್ತಿಗೆ ಏಳುತ್ತದೆ. ಜನ ಬಂದದ್ದು ಅದನ್ನು ತಿಳಿದೇ. ಇಂಥ ಘಟನೆಗಳಲ್ಲಿ ಸೇರಿದವರ ಸಂಖ್ಯೆಗೆ ತಕ್ಕಂತೆ ಶತ್ರುಗಳ ಬಲ ಹೆಚ್ಚುತ್ತದೆ, ಪಾಲ್ಗೊಂಡ ಪ್ರತಿಯೊಬ್ಬರಿಗೂ ಬಹುಮಾನ ಬೇರೆಬೇರೆಯಾಗಿ ಸಿಗುತ್ತದೆ. ಅದಿರಿನ ಬಂಡೆಯನ್ನು ಒಬ್ಬರು ಅಗೆದರೆ ಇನ್ನೊಬ್ಬರಿಗೆ ಅದು ಬರಿದಾಗುವುದಿಲ್ಲ, ಬಿದ್ದವರನ್ನು ಎಬ್ಬಿಸಿದವರಿಗೆ ಅನುಭವದ ಅಂಕ ಸಿಗುತ್ತದೆ. ಅಂದರೆ ಎದುರಿಗೆ ಬರುವ ಅಪರಿಚಿತ ಇಲ್ಲಿ ನನ್ನ ಪಾಲನ್ನು ಕಸಿಯುವವನಾಗಿ ಬರುವುದೇ ಇಲ್ಲ. ಬೇರೆ ಎಷ್ಟೋ ಆಟಗಳಲ್ಲಿ ನಾನು ಹೊಡೆಯುತ್ತಿದ್ದ ಪ್ರಾಣಿಗೆ ಇನ್ನೊಬ್ಬ ಬಾಣ ಬಿಟ್ಟರೆ ಮೈ ಉರಿಯುತ್ತಿತ್ತು. ಇಲ್ಲಿ ಅದೇ ಬಾಣ ಕಂಡರೆ ನಿರಾಳವಾಗುತ್ತದೆ. ಜನರ ಸ್ವಭಾವ ಅಲ್ಲಿಗಿಂತ ಇಲ್ಲಿ ಒಳ್ಳೆಯದಿದೆ ಎಂದು ನಾನು ನಂಬುವುದಿಲ್ಲ, ನಿಯಮಗಳು ಒಳ್ಳೆಯವಿವೆ.

ಇದರ ಜೊತೆಗೆ, 80ನೆಯ ಲೆವೆಲ್‌ನ ಪಾತ್ರ ಆರಂಭದ ಪ್ರಾಂತ್ಯಕ್ಕೆ ಮರಳಿದರೆ ಅದರ ಬಲವನ್ನು ಆಟ ಆ ಪ್ರಾಂತ್ಯದ ಮಟ್ಟಕ್ಕೆ ಇಳಿಸುತ್ತದೆ. ಹಳೆಯ ಊರುಗಳು ಇದರಿಂದ ಪಾಳು ಬೀಳುವುದಿಲ್ಲ. ಹೊಸಬನಾದ ನಾನು ಜೌಗಿನಲ್ಲಿ ಬಿದ್ದಾಗ ಎಬ್ಬಿಸಲು ಅನುಭವಿಯೊಬ್ಬ ಅಲ್ಲಿದ್ದದ್ದು ಈ ಒಂದು ನಿಯಮದಿಂದಲೇ ಇರಬೇಕು.

ಪಾತ್ರದ ಆಯ್ಕೆಯ ವಿಷಯದಲ್ಲಿ ಒಂಬತ್ತು ವೃತ್ತಿಗಳಿವೆ, ಒಬ್ಬನೇ ಆಡುವವನಿಗೆ ಎರಡನ್ನು ಧೈರ್ಯವಾಗಿ ಹೇಳಬಲ್ಲೆ. ನೆಕ್ರೊಮ್ಯಾನ್ಸರ್ ತನ್ನ ಜೊತೆಗೆ ಅಡಿಯಾಳುಗಳನ್ನು ಕಟ್ಟಿಕೊಂಡು ತಿರುಗುತ್ತಾನೆ, ಮೇಲಾಗಿ ‘ಡೆತ್ ಶ್ರೌಡ್’ ಎಂಬ ರೂಪಕ್ಕೆ ಹೊಕ್ಕರೆ ಅದು ಎರಡನೆಯ ಪ್ರಾಣದಂತೆ ಹೊಡೆತಗಳನ್ನು ನುಂಗಿಕೊಳ್ಳುತ್ತದೆ. ರೇಂಜರ್‌ಗೆ ಸಾಕುಪ್ರಾಣಿಯಿದೆ, ಅದು ಶತ್ರುವಿನ ಗಮನ ಸೆಳೆಯುವಾಗ ನಾವು ದೂರದಿಂದ ಬಾಣ ಬಿಡಬಹುದು. ನಿದ್ದೆಗಣ್ಣಿನಲ್ಲಿ ಆಡುವವರಿಗೆ, ನಡುವೆ ಎದ್ದು ಹೋಗಬೇಕಾದವರಿಗೆ, ಈ ಎರಡೂ ತಪ್ಪುಗಳನ್ನು ಮನ್ನಿಸುತ್ತವೆ. ಬೆಂಕಿ, ನೀರುಗಳ ಮಂತ್ರ ಹಾಕುವ ಎಲಿಮೆಂಟಲಿಸ್ಟ್ ಕಣ್ಣಿಗೆ ಚೆಂದ; ಆದರೆ ಮೈ ತೆಳು, ಬೆರಳುಗಳಿಗೆ ಕೆಲಸ ಹೆಚ್ಚು. ನಾನು ಅದನ್ನು ಮೂರು ಬಾರಿ ಆರಂಭಿಸಿ ಮೂರು ಬಾರಿಯೂ ಕೈಬಿಟ್ಟಿದ್ದೇನೆ, ನಾಲ್ಕನೆಯ ಬಾರಿಯೂ ಆರಂಭಿಸುತ್ತೇನೆಂದು ನನಗೆ ಗೊತ್ತಿದೆ.

ಹಣದ ಲೆಕ್ಕವನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ತಿಂಗಳ ಚಂದಾ ಇಲ್ಲ ಎಂಬುದೇ ಬಿಟ್ಟು ಬಿಟ್ಟು ಆಡುವವನಿಗೆ ಅತಿ ದೊಡ್ಡ ಅನುಕೂಲ. ಚಂದಾ ಕಟ್ಟುವ ಆಟದಲ್ಲಿ ಆಡದೆ ಹೋದ ವಾರವೂ ಖರ್ಚಿನ ಬಾಬ್ತೇ, ಆ ಖರ್ಚಿನ ನೆನಪೇ ಆಟವನ್ನು ಕೆಲಸವಾಗಿಸಿಬಿಡುತ್ತದೆ. 2015ರಿಂದ ಮೂಲ ಆಟ ಉಚಿತ. ಉಚಿತ ಖಾತೆಯಲ್ಲಿ ಎರಡೇ ಪಾತ್ರಗಳಿಗೆ ಜಾಗ, ಚೀಲದ ಸ್ಥಳ ಕಡಿಮೆ, ಮಾತುಕತೆ ಮತ್ತು ಮಾರುಕಟ್ಟೆಗೆ ನಿರ್ಬಂಧಗಳಿವೆ. ಒಂದೆರಡು ತಿಂಗಳ ಪರೀಕ್ಷೆಗೆ ಅಷ್ಟು ಧಾರಾಳವಾಗಿ ಸಾಕು. ವಿಸ್ತರಣೆಗಳನ್ನು ಒಮ್ಮೆ ಕೊಂಡರೆ ಮುಗಿಯಿತು. 2017ರ ‘ಪಾತ್ ಆಫ್ ಫೈರ್’ ವಿಸ್ತರಣೆಯೊಂದಿಗೆ ಬಂದ ಮೌಂಟ್‌ಗಳು, ಅಂದರೆ ಏರಿ ಸವಾರಿ ಮಾಡುವ ಪ್ರಾಣಿಗಳು, ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಮೊದಲು ಸಿಗುವ ರ‍್ಯಾಪ್ಟರ್ ಉದ್ದಕ್ಕೆ ಹಾರುತ್ತದೆ, ಸ್ಪ್ರಿಂಗರ್ ಎಂಬ ಮೊಲದಂಥ ಪ್ರಾಣಿ ಎತ್ತರಕ್ಕೆ ನೆಗೆಯುತ್ತದೆ, ಸ್ಕಿಮ್ಮರ್ ನೀರಿನ ಮೇಲೆ ತೇಲಿ ಸಾಗುತ್ತದೆ. ಸ್ಪ್ರಿಂಗರ್ ಹಿಂಗಾಲು ಮಡಚಿ ಕುಳಿತು, ಬಲ ಕೂಡಿಸಿಕೊಂಡು, ಬಂಡೆಯ ನೆತ್ತಿಗೆ ಚಿಮ್ಮುವಾಗ ಅದರ ಭಾರ ನಮ್ಮ ಬೆರಳಿಗೇ ತಿಳಿಯುವಂತೆ ಮಾಡಿದ್ದಾರೆ. ಕೆಲವು ರಾತ್ರಿ ನಾನು ಬೇರೇನೂ ಮಾಡದೆ ಬೆಟ್ಟ ಹತ್ತಿ ಇಳಿದು ಮಲಗಿದ್ದೇನೆ.

ಖರೀದಿಗೆ ಮುನ್ನ ಎರಡು ವಿಷಯ ತಿಳಿದಿರಲಿ. ವಿಸ್ತರಣೆಗಳ ನಡುವಿನ ಕಥೆಯನ್ನು ಹೇಳುವ ‘ಲಿವಿಂಗ್ ವರ್ಲ್ಡ್’ ಅಧ್ಯಾಯಗಳು ಬಿಡುಗಡೆಯಾದ ಕಾಲದಲ್ಲಿ ಲಾಗಿನ್ ಆದವರಿಗೆ ಉಚಿತವಾಗಿ ದಕ್ಕುತ್ತಿದ್ದವು; ತಡವಾಗಿ ಬಂದವರು ಅವುಗಳಲ್ಲಿ ಹೆಚ್ಚಿನವನ್ನು ಕೊಳ್ಳಬೇಕು, ಕಥೆಯ ಓಟ ಅರ್ಥವಾಗಬೇಕಾದರೆ ಕೆಲವನ್ನಾದರೂ ಕೊಳ್ಳದೆ ವಿಧಿಯಿಲ್ಲ. ಎರಡನೆಯದು, 2022ರ ಆಗಸ್ಟ್‌ನಿಂದ ಆಟ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲೂ ಲಭ್ಯವಿದೆ, ಆದರೆ ಅಲ್ಲಿ ಆರಂಭಿಸುವ ಖಾತೆಯೂ ಆಟದ ಸ್ವಂತ ಲಾಂಚರ್‌ನಲ್ಲಿ ಮಾಡಿದ ಹಳೆಯ ಖಾತೆಯೂ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಎಲ್ಲಿ ಕೊಳ್ಳುವುದೆಂದು ಮೊದಲೇ ತೀರ್ಮಾನಿಸಿಕೊಳ್ಳುವುದು ಲೇಸು. ಆಟದೊಳಗಿನ ಅಂಗಡಿಯಲ್ಲಿ ಮಾರುವುದು ಬಹುಪಾಲು ವೇಷಭೂಷಣ ಮತ್ತು ಅನುಕೂಲಗಳನ್ನು. ಅಲ್ಲಿನ ‘ಜೆಮ್’ಗಳನ್ನು ಆಟದಲ್ಲಿ ಗಳಿಸಿದ ಚಿನ್ನ ಕೊಟ್ಟೂ ಪಡೆಯಬಹುದು. ನನ್ನ ಚೀಲಗಳು ಸದಾ ತುಂಬಿರುತ್ತವೆ, ಅಂಗಡಿ ಮಾರುವ ವಸ್ತುಗಳಲ್ಲಿ ಹೆಚ್ಚುವರಿ ಜಾಗವೂ ಒಂದು. ಇದು ಕಾಕತಾಳೀಯವೆಂದು ನಂಬುವಷ್ಟು ಮುಗ್ಧತೆ ಈಗ ಉಳಿದಿಲ್ಲ.

ಒಬ್ಬನೇ ಮಾಡಲಾಗದ್ದೂ ಇದೆ. ರೇಡ್ ಎಂಬ ದೊಡ್ಡ ಗುಂಪು ಹೋರಾಟಗಳಿಗೆ ಹತ್ತು ಜನ ಬೇಕು, ಫ್ರ್ಯಾಕ್ಟಲ್ ಎಂಬ ಚಿಕ್ಕ ಡಂಜನ್‌ಗಳಿಗೆ ಐವರು. ಆರು ವರ್ಷಗಳಲ್ಲಿ ನಾನು ರೇಡ್‌ನ ಬಾಗಿಲು ದಾಟಿಲ್ಲ, ಅದರಿಂದ ಕಥೆಯಲ್ಲಾಗಲಿ ಪ್ರಪಂಚದ ನಕ್ಷೆಯಲ್ಲಾಗಲಿ ನನಗೆ ದೊಡ್ಡ ನಷ್ಟವೂ ಆಗಿಲ್ಲ. ಮರಳಿ ಬರುವಾಗ ನಿಜವಾಗಿ ಕಾಡುವುದು ಮರೆವು. ಗೇರ್ ಹಳತಾಗಿರುವುದಿಲ್ಲ, ಕೈ ಹಳತಾಗಿರುತ್ತದೆ: ಯಾವ ಗುಂಡಿಗೆ ಯಾವ ಮಂತ್ರ, ಚೀಲದಲ್ಲಿರುವ ಇಪ್ಪತ್ತು ಬಗೆಯ ನಾಣ್ಯಗಳಲ್ಲಿ ಯಾವುದು ಯಾವ ಊರಿನಲ್ಲಿ ಚಲಾವಣೆ, ಏನೂ ನೆನಪಿರುವುದಿಲ್ಲ. ಪ್ರತಿ ಬಾರಿ ಹೊಸದೊಂದು ಪಾತ್ರವನ್ನು ಹತ್ತು ಲೆವೆಲ್‌ವರೆಗೆ ಆಡಿ, ಕೈ ಪಳಗಿದ ಮೇಲೆ ಹಳೆಯ ಪಾತ್ರಕ್ಕೆ ಹೋಗುವುದನ್ನು ನಾನು ರೂಢಿಮಾಡಿಕೊಂಡಿದ್ದೇನೆ. ದೈನಂದಿನ ಗುರಿಗಳ ಆಮಿಷ ಇಲ್ಲಿಯೂ ಇಲ್ಲದಿಲ್ಲ. 2023ರಲ್ಲಿ ಬಂದ ‘ವಿಝರ್ಡ್ಸ್ ವಾಲ್ಟ್’ ದಿನ, ವಾರ ಮತ್ತು ಋತುವಿನ ಗುರಿಗಳನ್ನು ಕೊಡುತ್ತದೆ. ಒಂದು ದಿನ ತಪ್ಪಿದರೆ ಆ ದಿನದ ನಾಣ್ಯ ಹೋಗುತ್ತದೆ, ಗಳಿಸಿಟ್ಟದ್ದು ಹೋಗುವುದಿಲ್ಲ. ಅಷ್ಟರ ಮಟ್ಟಿಗೆ ಅದು ಸಹ್ಯ.

ಬೇರೆ ಆಟಗಳನ್ನೂ ಈ ಅಳತೆಗೋಲಿನಿಂದಲೇ ನೋಡಿದ್ದೇನೆ. ಕಥೆಗಾಗಿ ಆಡುವವರು ಫೈನಲ್ ಫ್ಯಾಂಟಸಿ 14ನ್ನು ಬಿಟ್ಟು ಬೇರೆಡೆ ನೋಡುವ ಅಗತ್ಯ ಕಡಿಮೆ. 2022ರ ಏಪ್ರಿಲ್‌ನಲ್ಲಿ ಬಂದ ‘ಡ್ಯೂಟಿ ಸಪೋರ್ಟ್’ ವ್ಯವಸ್ಥೆಯಿಂದ, ಮುಖ್ಯ ಕಥೆಯ ನಾಲ್ವರ ಡಂಜನ್‌ಗಳನ್ನು ಕಂಪ್ಯೂಟರ್ ನಡೆಸುವ ಸಂಗಾತಿಗಳ ಜೊತೆ ಮುಗಿಸಬಹುದಾಯಿತು. ಹೊಡೆತ ತಡೆಯುವ ಟ್ಯಾಂಕ್ ಸಿಗಲಿಲ್ಲ, ಗಾಯ ವಾಸಿಮಾಡುವ ಹೀಲರ್ ಸಿಗಲಿಲ್ಲ ಎಂದು ಕ್ಯೂನಲ್ಲಿ ಕೂರಬೇಕಿಲ್ಲ. ಎಂಟು ಜನ ಸೇರಿ ದೊಡ್ಡ ಶತ್ರುವೊಂದನ್ನು ಎದುರಿಸುವ ‘ಟ್ರಯಲ್’ಗಳಲ್ಲಿ ಹೆಚ್ಚಿನವಕ್ಕೆ ಮಾತ್ರ ಇಂದಿಗೂ ಅಪರಿಚಿತರನ್ನು ಕಾಯಬೇಕು. ಈ ಆಟದ ಉಚಿತ ಪ್ರಯೋಗಕ್ಕೆ ಕಾಲಮಿತಿಯಿಲ್ಲ, 70ನೆಯ ಲೆವೆಲ್‌ವರೆಗೆ ಆಡಬಹುದು, ಮೊದಲ ಎರಡು ವಿಸ್ತರಣೆಗಳೂ ಸೇರಿವೆ. ಕೊಂಡ ಮೇಲೆ ಅದೇ ಖಾತೆಯಲ್ಲಿ ಪ್ರಯೋಗಕ್ಕೆ ಹಿಂತಿರುಗಲಾಗದು ಎಂಬುದರಿಂದ ಆತುರಪಡಬಾರದು. ಅಲ್ಲಿನ ಮನೆ ಹೊಂದುವ ನಿಯಮ ನನ್ನಂಥವರಿಗೆ ಒಗ್ಗದು: ಒಡೆಯ 45 ದಿನ ಒಳಗೆ ಕಾಲಿಡದಿದ್ದರೆ ಮನೆಯನ್ನು ಕೆಡವಲಾಗುತ್ತದೆ. ಜಾಗ ಸೀಮಿತ, ಬೇಕೆನ್ನುವವರು ಅನೇಕರು, ಆದ್ದರಿಂದ ನಿಯಮಕ್ಕೆ ಕಾರಣವಿದೆ. ಆದರೂ ನಾನು ಅಲ್ಲಿ ಮನೆ ಕೊಳ್ಳಲಾರೆ.

ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ 2014ರಲ್ಲಿ ಚಂದಾದೊಂದಿಗೆ ಆರಂಭವಾಗಿ, ಮರುವರ್ಷವೇ ಕಡ್ಡಾಯ ಚಂದಾವನ್ನು ಕೈಬಿಟ್ಟಿತು. 2016ರ ಅಕ್ಟೋಬರ್‌ನ ‘ವನ್ ಟ್ಯಾಮ್ರಿಯೆಲ್’ ಬದಲಾವಣೆಯ ನಂತರ ಯಾವ ಪ್ರಾಂತ್ಯಕ್ಕೆ ಯಾವ ಕ್ರಮದಲ್ಲಾದರೂ ಹೋಗಬಹುದು. 2021ರಿಂದ ಜೊತೆಗೆ ಹೋರಾಡುವ ಸಂಗಾತಿಗಳೂ ಸಿಗುತ್ತಾರೆ. ಗೇರ್‌ನ ಗರಿಷ್ಠ ಮಟ್ಟ 160 ಚಾಂಪಿಯನ್ ಅಂಕಗಳಲ್ಲಿ (ಗರಿಷ್ಠ ಲೆವೆಲ್ ದಾಟಿದ ಮೇಲೆ ಗಳಿಸುವ ಅಂಕಗಳು) ಬಹುಕಾಲದಿಂದ ನಿಂತಿರುವುದರಿಂದ ಮರಳಿ ಬರುವವರಿಗೆ ಇದು ಗಿಲ್ಡ್ ವಾರ್ಸ್ 2ರಷ್ಟೇ ಸೌಮ್ಯ. ಕ್ವೆಸ್ಟ್ ಕೊಡುವ ಪಾತ್ರಗಳೆಲ್ಲ ಬಾಯಿಬಿಟ್ಟು ಮಾತಾಡುತ್ತವೆ, ಓದಿ ದಣಿದ ಕಣ್ಣಿಗೆ ಅದು ದೊಡ್ಡ ಉಪಕಾರ. ಕರಕುಶಲ ಸಾಮಗ್ರಿಗಳನ್ನು ಮಿತಿಯಿಲ್ಲದೆ ತುಂಬುವ ಚೀಲ ಮಾತ್ರ ಐಚ್ಛಿಕ ಚಂದಾದಾರರಿಗೇ ಮೀಸಲು. ಹೆಕ್ಕುವ ಚಟವುಳ್ಳವರು ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಲಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕೂಡ 2024ರಿಂದ ಒಂಟಿ ಆಟಗಾರನಿಗೆ ಬಾಗಿಲು ತೆರೆದಿದೆ: ಕಂಪ್ಯೂಟರ್ ಸಂಗಾತಿಗಳ ಡಂಜನ್‌ಗಳು, ಒಬ್ಬರಿಂದ ಐವರವರೆಗೆ ಹೋಗಬಹುದಾದ ಚಿಕ್ಕ ಸಾಹಸಗಳಾದ ‘ಡೆಲ್ವ್’ಗಳು. ಚಂದಾ ಇದೆ, ಏಣಿಯೂ ಇದೆ.

ಇನ್ನೊಂದು, ನೋಟದಲ್ಲಿ ಹಳತು, ಸ್ವಭಾವದಲ್ಲಿ ವಿಚಿತ್ರ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. 2007ರ ಪ್ರತಿಯನ್ನು ಆಧರಿಸಿ 2013ರಲ್ಲಿ ಆರಂಭವಾದ ಇದರಲ್ಲಿ, ಮರುವರ್ಷ ‘ಐರನ್‌ಮ್ಯಾನ್’ ಎಂಬ ಪದ್ಧತಿ ಬಂದಿತು. ಅದನ್ನು ಆರಿಸಿಕೊಂಡವರು ಬೇರೆಯವರೊಂದಿಗೆ ಕೊಡುಕೊಳ್ಳುವಿಕೆ ಮಾಡುವಂತಿಲ್ಲ, ಬೇಕಾದುದೆಲ್ಲವನ್ನೂ ತಾವೇ ಗಳಿಸಬೇಕು. ಒಂಟಿತನವನ್ನು ವ್ರತದಂತೆ ಹಿಡಿಯುವವರಿಗೆ ಇದಕ್ಕಿಂತ ಬೇರೆ ಬೇಡ. ಯಾವುದೇ ಕೌಶಲ 99ನೆಯ ಮಟ್ಟ ತಲುಪಲು 1,30,34,431 ಅನುಭವ ಅಂಕಗಳು ಬೇಕು, ಅದರಲ್ಲಿ ಅರ್ಧದಷ್ಟು ಆಗುವುದು 92ನೆಯ ಮಟ್ಟದಲ್ಲಿ. ಫೋನಿನಲ್ಲೂ ಆಡಬಹುದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದು ಕೈಯಲ್ಲಿ ಮರ ಕಡಿಯುತ್ತ ನಾನು ಕಳೆದ ರಾತ್ರಿಗಳಿವೆ. ಆದರೆ ಅದರ ಗತಿ ನನ್ನ ಆಯುಷ್ಯಕ್ಕೆ ತುಸು ಹೆಚ್ಚೇ ನಿಧಾನ.

ಯಾವುದನ್ನು ಆರಿಸಿದರೂ ಹಣ ಕೊಡುವ ಮೊದಲು ಮಾಡಬಹುದಾದ ಒಂದು ಪರೀಕ್ಷೆಯಿದೆ. ಉಚಿತ ಖಾತೆಯಲ್ಲಿ ಹತ್ತು ರಾತ್ರಿ ಆಡಿ, ಬೇಕೆಂದೇ ಮೂರು ವಾರ ಮುಟ್ಟಬೇಡಿ. ಆ ಮೂರು ವಾರದಲ್ಲಿ ಎಷ್ಟು ಬಾರಿ ಇಮೇಲ್ ಅಥವಾ ನೋಟಿಫಿಕೇಶನ್ ಕಳಿಸಿ ಕರೆಯಿತೆಂದು ಗಮನಿಸಿ. ಮರಳಿ ತೆರೆದಾಗ ಪರದೆಯಲ್ಲಿ ಮೊದಲು ಕಾಣುವುದು ತಪ್ಪಿಹೋದ ಬಹುಮಾನಗಳ ಪಟ್ಟಿಯೇ, ಅಂಗಡಿಯೇ, ಅಥವಾ ನೀವು ನಿಲ್ಲಿಸಿದ್ದ ಜಾಗವೇ ಎಂದು ನೋಡಿ. ಒಂದು ವರ್ಷದ ನಂತರ ನಾನು ಗಿಲ್ಡ್ ವಾರ್ಸ್ 2 ತೆರೆದಾಗ ಲಾಗಿನ್ ಬಹುಮಾನದ ಚಿಕ್ಕದೊಂದು ಪೆಟ್ಟಿಗೆ ಮೂಲೆಯಲ್ಲಿ ಮಿನುಗುತ್ತಿತ್ತು, ಅಷ್ಟೇ. ನನ್ನ ನೆಕ್ರೊಮ್ಯಾನ್ಸರ್ ಬೆಟ್ಟದ ಅಂಚಿನಲ್ಲಿ, ಹಿಂದಿನ ವರ್ಷ ನಾನು ಹತ್ತಲಾರದೆ ಬಿಟ್ಟಿದ್ದ ಬಂಡೆಯ ಎದುರಿಗೇ ನಿಂತಿದ್ದ. ಜಿಗಿಯುವ ಗುಂಡಿ ಯಾವುದೆಂದು ಹುಡುಕಲು ನನಗೆ ಐದು ನಿಮಿಷ ಹಿಡಿಯಿತು.